ದೊಡ್ಡೀರಮ್ಮನ ಹಚ್ಚೆ

ಕ್ಷೌರದಂಗಡಿಯಲ್ಲಿ ಗಡ್ಡ ಹೆರೆದಾದ ಮೇಲೆ ಒದ್ದೆ ಪಟಿಕದ ತುಂಡನ್ನು ಕೆನ್ನೆಗೆ ತಿಕ್ಕುತ್ತಾರಲ್ಲ, ಆ ತಣ್ಣನೆಯ ಚುರುಕು ತಾಗಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಪಾಪ, ತಿಕ್ಕುವವನದೇನೂ ತಪ್ಪಿಲ್ಲ. ಮೊನ್ನೆ ಮಧುಗಿರಿ ಪೇಟೆ ಬೀದಿಯಲ್ಲಿ ಹೀಗೇ ಕುರ್ಚಿಯಲ್ಲಿ ಕೂತು ಗೊಣಗಿದಾಗ ಅವನು, ಉರೀತಾ ಸಾರ್, ಎಂದು ಗಾಬರಿಯಾದ. ಇಲ್ಲಪ್ಪ, ಏನೋ ಹಳೇದು ನೆನಪಾಯಿತು ಎಂದೆ. ಹಳೆಯದೆಂದರೆ ಐವತ್ತು ವರ್ಷ ಹಳೆಯದು. ಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಮೊದಲಿನ ಒಂದು ಬೇಸಿಗೆ. ನಮ್ಮ ಸೀಮೆಗೆ ಇನ್ನೂ ಮಹಾರಾಜರಿದ್ದ ಕಾಲ. ಆ ಮೂರು ತಿಂಗಳಲ್ಲಿ ನಾನು ನೀರಿಗೆ ಕಲಸಿದ ಪಟಿಕದಲ್ಲಿ ಈ ಊರಿನವರೆಲ್ಲ ವರ್ಷಪೂರ್ತಿ ಗಡ್ಡ ಮಾಡಿಸಿಕೊಳ್ಳಬಹುದಿತ್ತು.

ನನಗಾಗ ಇಪ್ಪತ್ತಾರು. ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಫೋಟೋಗ್ರಾಫರನ ಹತ್ತಿರ ಮೂರು ವರ್ಷ ದುಡಿದು, ಅವನ ಹಳೆಯ ಮರದ ಕ್ಯಾಮೆರಾವನ್ನೇ ಕೊಂಡುಕೊಂಡು, ಮಧುಗಿರಿಯಲ್ಲಿ ಕೋಟೆ ಬಾಗಿಲ ಸಮೀಪ ಅಂಗಡಿ ತೆರೆದಿದ್ದೆ. ಹಿತ್ತಾಳೆ ಪಾತ್ರೆ ವ್ಯಾಪಾರದಲ್ಲಿದ್ದ ನಮ್ಮಪ್ಪನಿಗೆ ಇದು ಮರ್ಯಾದಸ್ಥರ ಕಸುಬೆಂದು ಕಡೆಯವರೆಗೂ ಅನ್ನಿಸಲಿಲ್ಲ. ಗಿರಾಕಿಗಳಿಗೂ ಅನ್ನಿಸಲಿಲ್ಲವೆಂದು ಕಾಣುತ್ತದೆ, ಏಕೆಂದರೆ ಯಾರೂ ಬರಲಿಲ್ಲ. ಬಂದ ನಾಲ್ಕಾರು ಮಂದಿಗೂ ಬೇಕಾಗಿದ್ದದ್ದು ತಮ್ಮ ಫೋಟೋ ಅಲ್ಲ, ಮನೆಯಲ್ಲಿದ್ದ ಅಪ್ಪನದೋ ಅವ್ವನದೋ ಫೋಟೋ. ಅಂಥ ಹಿರಿಯರು ಅಂಗಡಿಯ ತನಕ ಬರಲಾರರು. ಹಾಗಾದರೆ ನಾನೇ ಹೋಗುತ್ತೇನೆ ಎಂದು ಹಟ ಹುಟ್ಟಿ, ಮನೆಗೇ ಬಂದು ಹಿರಿಯರ ಫೋಟೋ ತೆಗೆಯಲಾಗುವುದು ಎಂದು ಬೋರ್ಡು ಬರೆಸಿದೆ. ಸೈಕಲ್ಲಿನ ಹಿಂದೆ ಕ್ಯಾಮೆರಾ ಪೆಟ್ಟಿಗೆ, ಪಕ್ಕದಲ್ಲಿ ಮೂರು ಕಾಲಿನ ಸ್ಟ್ಯಾಂಡು, ಹೆಗಲಿಗೆ ಗಾಜಿನ ಪ್ಲೇಟುಗಳ ಚೀಲ. ಯುಗಾದಿ ಮುಗಿದ ವಾರಕ್ಕೆ ಹೊರಟೆ. ಅದಕ್ಕಿಂತ ಕೆಟ್ಟ ಮುಹೂರ್ತವನ್ನು ಯಾವ ಜೋಯಿಸನೂ ಹುಡುಕಿ ಕೊಡುತ್ತಿರಲಿಲ್ಲ.

ಪ್ಲೇಟಿನ ಮೇಲೆ ಚಿತ್ರ ಹಿಡಿಯುವ ಮದ್ದು ಒಂದು ಅಂಟಿನ ಪದರದಲ್ಲಿರುತ್ತದೆ. ತೊಳೆಯುವ ನೀರು ಸ್ವಲ್ಪ ಬೆಚ್ಚಗಿದ್ದರೂ ಸಾಕು, ಆ ಪದರ ಹಾಲಿನ ಕೆನೆಯ ಹಾಗೆ ಮುದುರಿ ಗಾಜಿನಿಂದ ಜಾರಿಬಿಡುತ್ತದೆ. ಪಟಿಕ ಹಾಕಿದರೆ ಸ್ವಲ್ಪ ಗಟ್ಟಿಯಾಗುತ್ತದೆ. ಮಧುಗಿರಿಯ ಬೇಸಿಗೆ ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಏಕಶಿಲೆಯ ಬೆಟ್ಟ ಹಗಲೆಲ್ಲ ಕಾದು, ಸಂಜೆಯಾದ ಮೇಲೂ ಊರಿನ ಮೇಲೆ ಕಾವು ಕಾರುತ್ತಿರುತ್ತದೆ. ನಾನು ಗಡಿಗೆಗಳಿಗೆ ಒದ್ದೆ ಗೋಣಿ ಸುತ್ತಿ, ನಸುಕಿನಲ್ಲೆದ್ದು, ಕಂಬಳಿ ಹೊದಿಸಿದ ಕೋಣೆಯಲ್ಲಿ ಕೆಂಪು ಲಾಂದ್ರದ ಮುಂದೆ ಕೂತು ಪ್ಲೇಟು ತೊಳೆಯುತ್ತಿದ್ದೆ. ಹಣೆಯ ಬೆವರು ಒಂದು ಹನಿ ಬಿದ್ದರೆ ಯಾರದೋ ತಾತನ ಮೂಗು ಹೋಯಿತು. ಹತ್ತು ಪ್ಲೇಟಿಗೆ ನಾಲ್ಕು ಉಳಿದರೆ ಹೆಚ್ಚು.

ಆ ನಾಲ್ಕಕ್ಕಾದರೂ ಮುದುಕರು ಸುಮ್ಮನೆ ಕೂರಬೇಕಲ್ಲ. ಕರೆಸುವವರು ಮಕ್ಕಳು, ಕೂರಬೇಕಾದವರು ಹಿರಿಯರು. ಫೋಟೋ ತೆಗೆದರೆ ಆಯಸ್ಸು ಇಳಿಯುತ್ತದೆಂದು ಅವರಿಗೆ ಭಯ. ಮಧುಗಿರಿಯ ಹತ್ತಿರದ ಹಳ್ಳಿಯಲ್ಲಿ ಎಂಬತ್ತು ದಾಟಿದ ಗೌಡರೊಬ್ಬರು ನನ್ನ ಸೈಕಲ್ ಕಂಡವರೇ ಅಟ್ಟ ಹತ್ತಿ ಏಣಿಯನ್ನೂ ಮೇಲಕ್ಕೆಳೆದುಕೊಂಡರು. ಕೊರಟಗೆರೆಯ ಒಂದು ಲಿಂಗಾಯತರ ಮನೆಯಲ್ಲಿ ಯಜಮಾನರು ಒಪ್ಪಿದರು. ನಾನು ಉತ್ಸಾಹದಲ್ಲಿ ಅವರನ್ನು ಗೋಡೆಗೊರಗಿಸಿ ನೆಟ್ಟಗೆ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿಸಿ, ಕೊರಳಿಗೆ ಹೂವಿನ ಹಾರ ಹಾಕಿಸಿ, ಅಲುಗಾಡಬೇಡಿ, ಕಣ್ಣು ಮಿಟುಕಿಸಬೇಡಿ ಎಂದೆ. ಒಳಗಿನಿಂದ ಬಂದ ಮಗಳು ಹಾಗೆ ಕೂತಿದ್ದ ಅಪ್ಪನನ್ನು ನೋಡಿ ಕಿಟಾರನೆ ಕಿರುಚಿಕೊಂಡಳು. ಅವರಲ್ಲಿ ಸತ್ತವರನ್ನು ಮಣ್ಣು ಮಾಡುವ ಮುಂಚೆ ಹಾಗೆಯೇ ಅಲಂಕರಿಸಿ ಕೂರಿಸುತ್ತಾರೆಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಕ್ಯಾಮೆರಾ ಹಿಂದಿನ ಕರಿ ಬಟ್ಟೆಯೊಳಗೆ ತಲೆ ಹಾಕಿದರೆ ಗೊತ್ತಿದ್ದದ್ದೂ ಮರೆಯುತ್ತಿತ್ತು. ಹಾರವನ್ನು ಕಿತ್ತು ನನ್ನ ಕಾಲ ಬಳಿ ಎಸೆದರು. ಎಸೆದದ್ದು ಹಾರವೊಂದೇ ಆದದ್ದು ನನ್ನ ಪುಣ್ಯ.

ಇನ್ನೊಂದು ತಾಪತ್ರಯ ಬಣ್ಣದ್ದು. ನನ್ನ ಹತ್ತಿರ ಇದ್ದದ್ದು ಹಳೆಯ ಬಗೆಯ ಪ್ಲೇಟು. ಅದಕ್ಕೆ ಹಳದಿಯೂ ಕೆಂಪೂ ಕಪ್ಪಾಗಿ ಕಾಣುತ್ತಿತ್ತು, ನೀಲಿ ಬೆಳ್ಳಗೆ ಕಾಣುತ್ತಿತ್ತು. ಮುತ್ತೈದೆ ಅಜ್ಜಿಯೊಬ್ಬರು ಫೋಟೋಕ್ಕೆಂದು ಎಣ್ಣೆ ನೀರು ಹಾಕಿಸಿಕೊಂಡು ಗಲ್ಲಕ್ಕೆ ಗಟ್ಟಿಯಾಗಿ ಅರಿಶಿನ ಬಳಿದುಕೊಂಡು ಕೂತರು. ಪ್ರಿಂಟು ಹಾಕಿದರೆ ಒಲೆಯ ಹಿಂದಿನ ಗೋಡೆಯಷ್ಟು ಕಪ್ಪಗೆ ಬಂದರು. ನಮ್ಮವ್ವನ ಮುಖಕ್ಕೆ ಮಸಿ ಬಳಿದೆಯಾ ಎಂದು ಅವರ ಮಗ ಅಂಗಡಿಗೇ ಬಂದು ಕೂಗಾಡಿದ. ಆ ಬೇಸಿಗೆಯಲ್ಲಿ ನನ್ನನ್ನು ಮನಸಾರೆ ಹರಸಿದವರು ಸಿರಾದ ಅತ್ತರಿನ ಅಜ್ಜ ಒಬ್ಬರೇ. ಅವರ ಗಡ್ಡಕ್ಕೆ ಮೆಹಂದಿಯ ಕೆಂಪು ಹಾಕಿತ್ತು. ಪ್ಲೇಟು ಅದನ್ನು ಕಪ್ಪು ಮಾಡಿತು. ಇಪ್ಪತ್ತು ವರ್ಷ ಚಿಕ್ಕವರಾದ ತಮ್ಮನ್ನು ನೋಡಿಕೊಂಡು ಅವರು, ಕ್ಯಾ ಬಾತ್ ಹೈ, ಎಂದು ನನ್ನ ಕೈಗೆ ಒಂದು ಬಾಟಲಿ ಅತ್ತರು ಕೊಟ್ಟರು.

ಇಂಥ ಹೊತ್ತಿನಲ್ಲಿ ತೋವಿನಕೆರೆಯಿಂದ ರಂಗಪ್ಪನೆಂಬ ರೈತ ಬಂದು ನಮ್ಮವ್ವನ ಫೋಟೋ ತೆಗೀಬೇಕು ಎಂದಾಗ ನನಗೇನೂ ಸಂತೋಷವಾಗಲಿಲ್ಲ. ನಿಮ್ಮವ್ವ ಒಪ್ಪಿದಾರೋ ಇಲ್ಲವೋ ಎಂದು ಮೊದಲೇ ಕೇಳಿದೆ. ಒಪ್ಪೋದೇನ್ ಸ್ವಾಮಿ, ನನ್ನ ದಿನಾ ಅಟ್ಟಾಡ್ತಾವ್ಳೆ ಎಂದ. ಇದು ಹೊಸ ವಿಷಯವಾಗಿತ್ತು. ಮಾರನೆಯ ದಿನವೇ ಹೊರಟೆ.

ರಂಗಪ್ಪನ ತಾಯಿ ದೊಡ್ಡೀರಮ್ಮ ಜಗಲಿಯ ಮೇಲೆ ಕಾಲು ಚಾಚಿಕೊಂಡು ನನ್ನ ದಾರಿಯನ್ನೇ ನೋಡುತ್ತಿದ್ದಳು. ಎಪ್ಪತ್ತು ದಾಟಿದ ವಿಧವೆ. ಹಾಗಾಗಿ ಅರಿಶಿನ ಕುಂಕುಮದ ಕಾಟವಿಲ್ಲವೆಂದು ಒಳಗೊಳಗೇ ನೆಮ್ಮದಿಪಟ್ಟ ಪಾಪಿ ನಾನು. ಎರಡು ವರ್ಷದ ಹಿಂದೆ ಬಾವಿಕಟ್ಟೆಯಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಕೋಣೆಯಿಂದ ಜಗಲಿ, ಜಗಲಿಯಿಂದ ಕೋಣೆ, ಅಷ್ಟೇ ಅವಳ ಓಡಾಟ. ಗಾಡಿಯಲ್ಲಿ ಕೂರುವಂತಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಬಾಯಿ ಮಾತ್ರ ಚೆನ್ನಾಗಿತ್ತು. ಕೂತ ಕೂಡಲೇ ಬಲಗೈ ಮುಂದೆ ಚಾಚಿ, ಇದು ಕಾಣಬೇಕು ಎಂದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ಹಚ್ಚೆ. ಒಂದು ತೊಟ್ಟಿಲು, ಅದರ ಕೆಳಗೆ ಎರಡು ಸಾಲು ಚುಕ್ಕಿ. ವಯಸ್ಸಿನ ಸುಕ್ಕಿನಲ್ಲಿ ಸ್ವಲ್ಪ ಕದಡಿದ್ದರೂ ಹಸಿರು ನೀಲಿಯಾಗಿ ಸ್ಪಷ್ಟವಾಗಿತ್ತು. ಮುಖ ಬರದಿದ್ದರೂ ಚಿಂತೆಯಿಲ್ಲ, ಹಚ್ಚೆ ಬರಬೇಕು ಎಂದಳು. ಯಾಕೆಂದು ಕೇಳಿದ್ದಕ್ಕೆ ಕಥೆ ಹೊರಬಿತ್ತು.

ಎರಡು ವರ್ಷದ ಹಿಂದೆ, ಸೊಂಟ ಮುರಿಯುವ ಸ್ವಲ್ಪ ಮೊದಲು, ಅಂಗಳದಲ್ಲಿ ರಾಗಿ ಒಣಗಿಸುತ್ತಿದ್ದಾಗ ಕಾಗೆಯೊಂದು ಅವಳ ತಲೆಯ ಮೇಲೆ ಕೂತು ಹಾರಿತ್ತು. ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಅದಕ್ಕೆ ಪರಿಹಾರವೂ ಗೊತ್ತಿರುವುದೇ. ಸತ್ತೇ ಹೋದರೆಂದು ಒಡಹುಟ್ಟಿದವರಿಗೆ ಸುಳ್ಳು ಸುದ್ದಿ ಕಳಿಸುವುದು. ಅವರು ನಿಜವೆಂದು ನಂಬಿ ಅತ್ತರೆ ಆ ಕಣ್ಣೀರಿನಲ್ಲಿ ದೋಷ ಹೋಗುತ್ತದೆ. ಹೊತ್ತು ಮುಳುಗುವುದರೊಳಗೆ ನಿಜ ಹೇಳಿ, ಬಾಯಿಗೆ ಬೆಲ್ಲ ಹಾಕಿ ಬರಬೇಕು. ದೊಡ್ಡೀರಮ್ಮನಿಗೆ ಒಡಹುಟ್ಟಿದವಳೆಂದರೆ ಪಾವಗಡದಾಚೆ ತಿರುಮಣಿಗೆ ಕೊಟ್ಟಿದ್ದ ತಂಗಿ ಸಣ್ಣೀರಮ್ಮ ಒಬ್ಬಳೇ. ಆ ಕಡೆ ದನ ಕೊಳ್ಳಲು ಹೊರಟಿದ್ದ ಊರಿನವನೊಬ್ಬನಿಗೆ ಎರಡು ಮಾತನ್ನೂ ಹೇಳಿ, ಬೆಲ್ಲದ ಉಂಡೆಯನ್ನೂ ಕಟ್ಟಿ ಕಳಿಸಿದಳು.

ಅವನು ಮೊದಲ ಮಾತು ಹೇಳಿದ. ಸಣ್ಣೀರಮ್ಮ ನಿಂತಲ್ಲೇ ಬಿದ್ದು ಜ್ಞಾನ ತಪ್ಪಿದಳು. ಮನೆಯವರೆಲ್ಲ ಗೋಳಿಡತೊಡಗಿದರು. ಈಗ ಇದೆಲ್ಲ ಸುಳ್ಳೆಂದರೆ ಕಂಬಕ್ಕೆ ಕಟ್ಟಿ ಹಾಕುತ್ತಾರೆಂದು ಹೆದರಿ, ಎರಡನೇ ಮಾತು ಹೇಳದೆ, ಬೆಲ್ಲವನ್ನು ದಾರಿಯಲ್ಲಿ ತಾನೇ ತಿಂದು ಊರಿಗೆ ಬಂದು, ಎಲ್ಲ ಸುಸೂತ್ರವಾಯಿತೆಂದ. ಮಾರನೆಯ ವರ್ಷ ಆ ಕಡೆಯಿಂದ ಬಂದವರಾರೋ ಹೇಳಿದ ಮೇಲೆಯೇ ಇವರಿಗೆ ಗೊತ್ತಾದದ್ದು. ಸಣ್ಣೀರಮ್ಮ ಅಕ್ಕನ ಹೆಸರಲ್ಲಿ ತಲೆಯ ಮೇಲೆ ನೀರು ಹಾಕಿಕೊಂಡು ಸೂತಕ ಕಳೆದಿದ್ದಳು. ಪಿತೃಪಕ್ಷದಲ್ಲಿ ಎಡೆ ಇಡುತ್ತಿದ್ದಳು. ರಂಗಪ್ಪ ಓಡಿ ಹೋಗಿ ನಮ್ಮವ್ವ ಬದುಕಿದಾಳೆ ಎಂದರೆ ಅವಳು ನಂಬಲಿಲ್ಲ. ಅದಕ್ಕೂ ಕಾರಣವಿತ್ತು. ಹಿಂದೆ ಅವಳ ಹಿರಿಮಗ ಪ್ಲೇಗಿನಲ್ಲಿ ತೀರಿಕೊಂಡಾಗ ಮನೆಯವರು ಒಂದು ತಿಂಗಳು ಮುಚ್ಚಿಟ್ಟು, ಚೆನ್ನಾಗಿದಾನೆ, ಈಗ ಬರ್ತಾನೆ ಎನ್ನುತ್ತ ಬಂದಿದ್ದರು. ಆಗಿನಿಂದ ಯಾರಾದರೂ ಬದುಕಿದ್ದಾರೆ ಎಂದರೆ ಅವಳಿಗೆ ಅದೊಂದು ಸಮಾಧಾನದ ಮಾತು, ಅಷ್ಟೇ.

ಇಷ್ಟನ್ನೂ ಹೇಳಿ ದೊಡ್ಡೀರಮ್ಮ ಹಚ್ಚೆಯ ಕೈಯನ್ನು ಸೆರಗಿನೊಳಗೆಳೆದುಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು: "ಕಾಗೆ ಮುಟ್ಟಿದ್ದು ನನ್ನ ತಲೆ, ಅತ್ತಿದ್ದು ಅವಳು. ನಾನೇ ಹೇಳಿ ಕಳ್ಸಿದ್ದು ಕಣಪ್ಪ, ಬ್ಯಾರೆ ಯಾರೂ ಅಲ್ಲ. ನಾನಿಲ್ಲಿ ದಿನಾ ಮುದ್ದೆ ಉಣ್ತಾ ಕುಂತಿವ್ನಿ, ಅವಳಲ್ಲಿ ನಂಗೆ ಎಡೆ ಇಕ್ತಾವ್ಳೆ. ನಾಳೆ ನಾನು ನಿಜವಾಗ್ಲೂ ಸತ್ರೆ ಹೇಳಿ ಕಳ್ಸಾಕೂ ಆಗಾಕಿಲ್ಲ. ಒಂದ್ಸಲ ಹೇಳಾಗ್ಬುಟ್ಟೈತೆ."

ಅಕ್ಕತಂಗಿ ಮುಖ ನೋಡಿ ಹದಿನೆಂಟು ವರ್ಷವಾಗಿತ್ತು. ಅಷ್ಟರಲ್ಲಿ ಇವಳ ಹಲ್ಲು ಉದುರಿ, ಕೆನ್ನೆ ಒಳಗೆ ಹೋಗಿ, ಚಹರೆಯೇ ಬದಲಾಗಿತ್ತು. ಆದರೆ ಇಬ್ಬರಿಗೂ ಚಿಕ್ಕಂದಿನಲ್ಲಿ ತವರಿನ ಅಂಗಳದಲ್ಲಿ, ಒಂದೇ ದಿನ, ಒಬ್ಬಳೇ ಕೊರವಂಜಿ ಈ ತೊಟ್ಟಿಲ ಹಚ್ಚೆ ಚುಚ್ಚಿದ್ದಳು. ತಂಗಿ ಇದನ್ನು ನೋಡಿದರೆ ನಂಬುತ್ತಾಳೆ ಎಂಬುದು ದೊಡ್ಡೀರಮ್ಮನ ಲೆಕ್ಕಾಚಾರ.

ನಾನು ಅವಳನ್ನು ಜಗಲಿಯ ಕಂಬದ ಪಕ್ಕ ಕೂರಿಸಿ, ಕೈಯನ್ನು ತೊಡೆಯ ಮೇಲೆ ಹಚ್ಚೆ ಮೇಲಾಗಿ ಇಡಿಸಿ, ಒಂದರಿಂದ ಆರು ಎಣಿಸುವ ತನಕ ಅಲ್ಲಾಡಬೇಡ ಅಜ್ಜಿ ಎಂದು ಕ್ಯಾಮೆರಾ ಕಣ್ಣಿನ ಮುಚ್ಚಳ ತೆಗೆದೆ. ಅಷ್ಟು ನಿಶ್ಚಲವಾಗಿ ಕೂತವರನ್ನು ಆ ಬೇಸಿಗೆಯಲ್ಲಿ ನಾನು ಕಂಡಿರಲಿಲ್ಲ. ಪ್ಲೇಟು ಜಾರಲಿಲ್ಲ, ಬೆವರು ಬೀಳಲಿಲ್ಲ. ಬೆಳಿಗ್ಗೆ ಪ್ರಿಂಟು ಬಿಸಿಲಿಗಿಟ್ಟು ನೋಡಿದರೆ ಮುಖದ ಒಂದೊಂದು ಸುಕ್ಕೂ ಬಂದಿತ್ತು, ಕೈಯ ನರಗಳೂ ಬಂದಿದ್ದವು. ತೊಟ್ಟಿಲು ಇರಲಿಲ್ಲ. ಚುಕ್ಕಿಯೂ ಇರಲಿಲ್ಲ.

ನನ್ನ ತಲೆಗೆ ನಾನೇ ಚಚ್ಚಿಕೊಂಡೆ. ನೀಲಿ ಬಿಳಿಯಾಗುತ್ತದೆಂದು ಗೊತ್ತಿರಲಿಲ್ಲವೇ? ನಾನು ತೆಗೆದ ಪ್ರತಿಯೊಂದು ಬೆಟ್ಟದ ಹಿಂದೆಯೂ ಆಕಾಶ ಸುಣ್ಣ ಬಳಿದಂತೆ ಬೋಳಾಗಿ ಬರುತ್ತಿತ್ತು. ಅದೇ ನಿಯಮ ಮುದುಕಿಯ ಕೈಗೂ ಅನ್ವಯಿಸುತ್ತದೆಂದು ಹೊಳೆದಿರಲಿಲ್ಲ. ಹಚ್ಚೆಯ ಗೆರೆಗಳ ಮೇಲೆ ಸ್ವಲ್ಪ ಕಾಡಿಗೆ ತೀಡಿದ್ದರೆ ಮುಗಿಯುತ್ತಿತ್ತು. ಮತ್ತೆ ಹೋಗಿ ತೆಗೆಯಬಹುದಿತ್ತು. ಕೊರಟಗೆರೆ ದಾಟಿ ತೋವಿನಕೆರೆಗೆ ಆ ಬಿಸಿಲಲ್ಲಿ ಮತ್ತೆ ಅಷ್ಟೂ ಸಾಮಾನು ಹೇರಿಕೊಂಡು ಸೈಕಲ್ ತುಳಿಯಬೇಕೆಂದು ನೆನೆದರೇ ಮೈ ಉರಿಯಿತು. ಪ್ರಿಂಟು ಕೊಡಲು ಹೋದ ದಿನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ. ದೊಡ್ಡೀರಮ್ಮ ಅದನ್ನು ಪೊರೆಗಣ್ಣಿನ ಹತ್ತಿರ ಹಿಡಿದು, ಬೆರಳಿನಿಂದ ಸವರಿ, ಹಚ್ಚೆ ಎಲ್ಲೈತೆ ಮಗ ಎಂದಳು. ಐತೆ ಅಜ್ಜಿ, ಸಣ್ಣಗೆ ಬಂದೈತೆ ಎಂದೆ. ರಂಗಪ್ಪ ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಲಿಲ್ಲ. ಪಾವಗಡದಲ್ಲಿ ನನಗೆ ಹೇಗೂ ಕೆಲಸವಿದೆ, ನಾನೇ ತಿರುಮಣಿಗೆ ತಲುಪಿಸುತ್ತೇನೆ ಎಂದು ದೊಡ್ಡ ಉಪಕಾರ ಮಾಡುವವನ ಹಾಗೆ ಹೇಳಿ ಎದ್ದುಬಂದೆ.

ಪಾವಗಡದ ಬಸ್ಸು ಮಿಡಿಗೇಶಿ ದಾಟಿ, ಸ್ವಲ್ಪ ದೂರ ಬ್ರಿಟಿಷರ ಸೀಮೆಯೊಳಗೆ ಹೋಗಿ, ಮತ್ತೆ ಮಹಾರಾಜರ ಸೀಮೆಗೆ ಬರುತ್ತಿತ್ತು. ಎರಡು ಸೀಮೆಯ ಧೂಳೂ ಒಂದೇ ರುಚಿ. ಪಾವಗಡದ ಕೆಲಸಕ್ಕೆಂದು ಕ್ಯಾಮೆರಾ, ಪ್ಲೇಟು, ಪಟಿಕ ಎಲ್ಲವನ್ನೂ ಜೊತೆಗೆ ಹೇರಿಕೊಂಡಿದ್ದೆ. ಪಾವಗಡದಿಂದ ತಿರುಮಣಿಗೆ ಗಾಡಿಯಲ್ಲಿ ಹೋದೆ. ದಾರಿಯುದ್ದಕ್ಕೂ ಕಪ್ಪು ಬಂಡೆ, ಕಳ್ಳಿ, ಬಿಸಿಗಾಳಿ. ಸಣ್ಣೀರಮ್ಮನ ಮನೆ ಸಿಕ್ಕಿತು. ಮಂಡಿ ಊದಿಕೊಂಡಿದ್ದ, ಗಟ್ಟಿ ದನಿಯ ಹೆಂಗಸು. ಕಣ್ಣು ಮಾತ್ರ ಹದ್ದಿನ ಕಣ್ಣು. ಆ ಸೀಮೆಯಲ್ಲಿ ಒಂದು ಮಾತು ಕನ್ನಡವಾದರೆ ಮುಂದಿನ ಮಾತು ತೆಲುಗು. ಫೋಟೋ ಕೈಗೆ ಕೊಟ್ಟು, ನಿಮ್ಮಕ್ಕ ಬದುಕಿದಾಳೆ, ಹೋದ ವಾರ ನಾನೇ ತೆಗೆದದ್ದು ಎಂದೆ. ಅವಳು ಮುಖ ನೋಡಿದಳು. ನೋಡುತ್ತಲೇ ಬಾಗಿಲ ಬೆಳಕಿಗೆ ಸರಿದು ಕೂತಳು. ಆಮೇಲೆ ಕಣ್ಣು ಕೈಗಿಳಿಯಿತು, ಅಲ್ಲೇ ನಿಂತಿತು.

"ಈಯಮ್ಮ ಮಾ ಅಕ್ಕ ಕಾದು," ಎಂದಳು. ಕಾದು ಎಂದರೆ ಅಲ್ಲವೆಂದು ನನಗೆ ಗೊತ್ತಿತ್ತು. "ನಮ್ಮಕ್ಕನ ಕೈಯಾಗೆ ತೊಟ್ಲು ಐತೆ. ಈಯಮ್ಮನ ಕೈ ಬೋಳು. ಹೋಲಿಕೆ ಇರೋ ಯಾವ್ದೋ ಮುದುಕಿನ ಕುಂಡ್ರಿಸಿ ತೆಗೆದ್ಬುಟ್ಟು ತಂದಿದೀಯ. ನಮ್ಮೋರೆಲ್ಲ ಸೇರ್ಕಂಡು ನಂಗೆ ಸಮಾಧಾನ ಮಾಡ್ತಾ ಇದೀರ, ನಂಗೊತ್ತಾಗಾಕಿಲ್ವಾ?"

ನಾನು ಪ್ಲೇಟಿನ ಗುಣ ವಿವರಿಸಿದೆ. ನೀಲಿ ಬಿಳಿಯಾಗುತ್ತದೆ, ಹಳದಿ ಕಪ್ಪಾಗುತ್ತದೆ ಎಂದೆ. ಹೇಳುತ್ತ ಹೇಳುತ್ತ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ಹಸಿರು ಹಚ್ಚೆ ಹೆಂಗಪ್ಪ ಮಾಯವಾಗ್ತದೆ ಎಂದು ಅವಳ ಮಗ ನಕ್ಕ. ನನಗೆ ತಡೆಯಲಾಗಲಿಲ್ಲ. ನಿಮಗೆಲ್ಲ ಬುದ್ಧಿಯಿದೆಯೇ, ಅಲ್ಲಿ ಆ ಮುದುಕಿ ನಿಮಗಾಗಿ ಸಾಯಲೂ ಆಗದೆ ಕೂತಿದ್ದಾಳೆ ಎಂದು ಕಿರುಚಾಡಿದೆ. ಎಪ್ಪತ್ತರ ಹತ್ತಿರದ ಹೆಂಗಸಿನ ಮೇಲೆ ಅವಳದೇ ಮನೆಯಲ್ಲಿ ಕೂಗಾಡಿದ್ದನ್ನು ನೆನೆದರೆ ಈಗಲೂ ನಾಚಿಕೆ. ಮಗ ಎದ್ದು ನಿಂತ. ನಾನು ಹೊರಗೆ ಬಂದೆ. ಪಾವಗಡಕ್ಕೆ ಹೋಗುವ ಗಾಡಿ ನಾಳೆಯೇ ಎಂದರು. ಚಾವಡಿಯಲ್ಲಿ ಬಿದ್ದುಕೊಂಡೆ. ಊಟ ಕಳಿಸಿದವಳು ಸಣ್ಣೀರಮ್ಮನೇ.

ಬೆಳಿಗ್ಗೆ ಕಣ್ಣು ಬಿಟ್ಟಾಗ ದಾರಿ ಹೊಳೆದಿತ್ತು. ಅಷ್ಟು ಸುಲಭದ ದಾರಿ ಹಿಂದಿನ ದಿನ ಯಾಕೆ ಹೊಳೆಯಲಿಲ್ಲವೋ. ನೆಟ್ಟಗೆ ಅವಳ ಮನೆಗೆ ಹೋಗಿ, ನಿನ್ನ ಕೈಯಲ್ಲೂ ಅದೇ ಹಚ್ಚೆಯಿದೆಯಲ್ಲ, ನಿನ್ನ ಫೋಟೋ ತೆಗೆಯುತ್ತೇನೆ, ನಿನ್ನ ಕಣ್ಣೆದುರೇ ಮೂಡಿಸುತ್ತೇನೆ, ತೊಟ್ಟಿಲು ಬಂದರೆ ನಾನು ಸುಳ್ಳುಗಾರ ಎಂದೆ. ನನ್ನ ಸುಳ್ಳು ಬಯಲು ಮಾಡುವ ಹುಮ್ಮಸ್ಸಿಗೆ ಅವಳು ಒಪ್ಪಿದಳು. ಕೈಯನ್ನು ಮುಂದಕ್ಕೆ ಚಾಚಿ, ಸಿಟ್ಟಿನಿಂದ ಕಲ್ಲಾಗಿ ಕೂತಳು. ರಾಗಿ ತುಂಬುವ ಕೋಣೆಗೆ ಕಂಬಳಿ ಕಟ್ಟಿಸಿ ಒಳಗೆ ಸೇರಿಕೊಂಡೆ. ಅಲ್ಲಿನ ಬಾವಿ ನೀರು ಉಪ್ಪು. ಪ್ಲೇಟಿನ ಮೇಲೆ ಬಿಳಿ ಕಲೆ ಕೂರುತ್ತಿತ್ತು. ಎಷ್ಟು ಗಡಿಗೆ ಒದ್ದೆ ಮಾಡಿದರೂ ನೀರು ತಣ್ಣಗಾಗದು. ಇದ್ದಬದ್ದ ಪಟಿಕವನ್ನೆಲ್ಲ ಸುರಿದೆ. ಆದರೂ ಒಂದು ಮೂಲೆಯ ಪದರ ಜಾರತೊಡಗಿತು. ಅದು ಸೀರೆಯ ಅಂಚನ್ನು ನುಂಗಿ, ಮೊಣಕೈಯ ಹತ್ತಿರ ನಿಂತಿತು. ಅದು ಅಲ್ಲಿ ನಿಂತದ್ದಕ್ಕೆ ನಾನು ಕತ್ತಲಲ್ಲೇ ಕೈಮುಗಿದೆ.

ಬಿಸಿಗಾಳಿಗೆ ಪ್ಲೇಟು ಮಧ್ಯಾಹ್ನದೊಳಗೆ ಒಣಗಿತು. ಬಿಸಿಲಿಗಿಟ್ಟರೆ ತಾನೇ ಮೂಡುವ ಕಾಗದವನ್ನು ಅದರ ಬೆನ್ನಿಗೆ ಸೇರಿಸಿ ಚೌಕಟ್ಟಿಗೆ ಹಾಕಿ ಅಂಗಳದಲ್ಲಿಟ್ಟೆ. ಸಣ್ಣೀರಮ್ಮ ಅದರ ಮುಂದೆ ಮಣೆ ಹಾಕಿಸಿಕೊಂಡು ಕೂತಳು. ಆಗಾಗ ಚೌಕಟ್ಟಿನ ಹಿಂದಿನ ಬಾಗಿಲು ತೆರೆದು ತೋರಿಸುತ್ತಿದ್ದೆ. ಮೊದಲು ಸೀರೆ ಮೂಡಿತು. ಆಮೇಲೆ ಮುಖ. ಆಮೇಲೆ ಕೈ. ಇನ್ನಷ್ಟು ಹೊತ್ತು ಬಿಡು, ಈಗ ಬತ್ತದೆ ಎಂದಳು. ಬಿಟ್ಟೆ. ಮುಖ ಕಪ್ಪಾಗುತ್ತ ಬಂತು, ಕೈಯೂ ಕಪ್ಪಾಗುತ್ತ ಬಂತು. ತೊಟ್ಟಿಲು ಬರಲಿಲ್ಲ. ಅವಳು ಬೆರಳನ್ನು ಎಂಜಲು ಮಾಡಿ ತನ್ನ ಕೈಯ ಹಚ್ಚೆಯನ್ನು ಉಜ್ಜಿ ನೋಡಿಕೊಂಡಳು. ಅದು ಅಲ್ಲೇ ಇತ್ತು. ಮತ್ತೆ ಕಾಗದ ನೋಡಿದಳು.

"ನಂದೂ ತಿಂದ್ಬುಟ್ಟೈತೆ," ಎಂದಳು.

ಒಳಗೆ ಹೋಗಿ ಅಕ್ಕನ ಫೋಟೋ ತಂದು ಮಡಿಲಲ್ಲಿಟ್ಟುಕೊಂಡಳು. ಮೂಗು ನಮ್ಮವ್ವನ ಮೂಗೇ ಎಂದು ಸಣ್ಣಗೆ ಹೇಳಿಕೊಂಡಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ಹಾಗಾದರೆ ಆ ಸುದ್ದಿ ಯಾಕೆ ಬಂತೆಂದು ನನ್ನನ್ನೇ ಕೇಳಿದಳು. ರಂಗಪ್ಪ ಬಂದಾಗಲೇ ಹೇಳಿದ್ದ, ಆಗ ಅವಳು ನಂಬದೆ ಬಿಟ್ಟಿದ್ದ ಕಾಗೆಯ ಕಥೆಯನ್ನು ನಾನು ಮತ್ತೆ ಹೇಳಿದೆ. ಕೇಳುತ್ತ ಕೇಳುತ್ತ ಅವಳ ಮುಖ ಕೆಂಪಾಯಿತು. "ಒಂದು ಕಾಗೆಗೆ ನನ್ನ ಎಲ್ಡೊರ್ಸ ಅಳಿಸಿದ್ಲಾ? ಗಾಡಿ ಕಟ್ಸು. ನಾನು ಬರ್ತೀನಿ. ಅವಳ್ನ ಬೈಯ್ಯಾಕೆ ಬರ್ತೀನಿ."

ತಿರುಮಣಿಯಿಂದ ತೋವಿನಕೆರೆಗೆ ಅವಳನ್ನೂ ಅವಳ ಮಗನನ್ನೂ ಕರೆದುಕೊಂಡು ಹೋದ ಆ ಎರಡು ದಿನ ನನ್ನ ಶತ್ರುವಿಗೂ ಬೇಡ. ಮಂಡಿನೋವಿಗೆ ನಾನೇ ಕಾರಣ, ಬಸ್ಸಿನ ಕುಲುಕಿಗೆ ನಾನೇ ಕಾರಣ. ಬಸ್ಸಿನಲ್ಲಿದ್ದವರಿಗೆಲ್ಲ ಅಕ್ಕ ಮಾಡಿದ ಕೆಲಸವನ್ನು ಹೇಳಿ, ಇವ್ನೇ ಪೋಟೋದಯ್ಯ ಎಂದು ನನ್ನನ್ನು ತೋರಿಸಿದಳು. ಬೈಗುಳಗಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಳು. ತೋವಿನಕೆರೆಯಲ್ಲಿ ಗಾಡಿಯಿಂದ ಇಬ್ಬರು ಹಿಡಿದು ಇಳಿಸಿದಾಗ ದೊಡ್ಡೀರಮ್ಮ ಜಗಲಿಯ ಮೇಲಿದ್ದಳು. ಏಳಲು ನೋಡಿದಳು, ಆಗಲಿಲ್ಲ. ಸಣ್ಣೀರಮ್ಮ ಕುಂಟುತ್ತ ಹೋಗಿ ಪಕ್ಕದಲ್ಲಿ ಕೂತಳು. ಅಭ್ಯಾಸ ಮಾಡಿದ್ದ ಒಂದು ಬೈಗುಳವೂ ಬಾಯಿಗೆ ಬರಲಿಲ್ಲ. ಮೊದಲು ಮಾತಾಡಿದವಳು ದೊಡ್ಡೀರಮ್ಮನೇ.

"ಎಡೇಗೆ ಏನಿಕ್ದೆ?"

"ಕರಿಗಡುಬು. ನಿಂಗಿಷ್ಟ ಅಂತ."

"ಕಡುಬು ನಂಗ್ಯಾವತ್ತೇ ಇಷ್ಟ ಇತ್ತು? ಇಷ್ಟ ಇದ್ದಿದ್ದು ನಿಂಗೆ."

ಅಲ್ಲಿಂದ ಶುರುವಾಯಿತು. ತವರಿನ ಕಡುಬು, ಯಾರು ಎಷ್ಟು ತಿಂದರು, ಯಾರ ಪಾಲನ್ನು ಯಾರು ಕದ್ದರು, ಕಾಗೆ, ದನದ ವ್ಯಾಪಾರಿ ತಿಂದ ಬೆಲ್ಲ, ಎಲ್ಲವೂ ಜಗಳವಾಗಿ ಹೊರಬಂತು. ನನ್ನ ಹತ್ತಿರ ಇನ್ನು ಒಂದೇ ಪ್ಲೇಟು ಉಳಿದಿತ್ತು. ಇಬ್ಬರನ್ನೂ ಒಟ್ಟಿಗೆ ತೆಗೆಯಬೇಕೆಂದು ರಂಗಪ್ಪ ಕೇಳಿಕೊಂಡ. ಹಚ್ಚೆಗಳಿಗೆ ಕಾಡಿಗೆ ತೀಡಬೇಕೆಂಬುದು ನನಗೆ ಮತ್ತೆ ಮರೆತೇ ಹೋಯಿತು. ಕ್ಯಾಮೆರಾ ನಿಲ್ಲಿಸಿ, ಆರು ಎಣಿಸುವ ತನಕ ಬಾಯಿ ಮುಚ್ಚಿಕೊಂಡಿರಿ ಎಂದೆ. ಆಗಲಿ ಎಂದರು. ಮುಚ್ಚಳ ತೆಗೆದು ಎರಡು ಎಣಿಸುವಷ್ಟರಲ್ಲಿ ದೊಡ್ಡೀರಮ್ಮ ತಂಗಿಯ ಕಡೆ ತಿರುಗಿ ಏನೋ ಅಂದಳು. ಮೂರಕ್ಕೆ ಸಣ್ಣೀರಮ್ಮ ತಲೆಯಾಡಿಸಿದಳು. ನಾಲ್ಕಕ್ಕೆ ಇಬ್ಬರೂ ನಕ್ಕರು. ನಾನು ಕಪ್ಪು ಬಟ್ಟೆ ಕಿತ್ತೆಸೆದು, ನಿಮ್ಮಂಥವರ ಸಹವಾಸವೇ ಬೇಡ ಎಂದು ಎಲ್ಲ ಕಟ್ಟಿಕೊಂಡು ಹೊರಟುಬಿಟ್ಟೆ.

ಮಧುಗಿರಿಗೆ ಬಂದು ನಸುಕಿನಲ್ಲಿ ಆ ಪ್ಲೇಟು ತೊಳೆದೆ. ನಿರೀಕ್ಷಿಸಿದಂತೆಯೇ ಇತ್ತು. ಇಬ್ಬರ ಮುಖವೂ ಕಲಸಿಹೋಗಿ, ತಲೆಯಿರಬೇಕಾದ ಕಡೆ ಎರಡು ಮಬ್ಬು. ಸ್ಪಷ್ಟವಾಗಿ ಬಂದಿದ್ದದ್ದು ಜಗಲಿಯ ಕಂಬ ಮತ್ತು ಕೈಗಳು. ಅವರು ಯಾವಾಗ ಹಿಡಿದುಕೊಂಡಿದ್ದರೋ ನಾನು ಗಮನಿಸಿರಲಿಲ್ಲ. ಬಾಯಿ ಅಷ್ಟು ಆಡಿದರೂ, ತಲೆ ಅಷ್ಟು ತಿರುಗಿದರೂ, ಒಬ್ಬಳ ಕೈಯನ್ನು ಇನ್ನೊಬ್ಬಳು ಹಿಡಿದದ್ದು ಒಂದಿಷ್ಟೂ ಅಲುಗಿರಲಿಲ್ಲ. ಎರಡು ಬೋಳು ಕೈ, ಒಂದೊಂದು ಬೆರಳೂ ಬೇರೆಬೇರೆ. ಆ ಬೇಸಿಗೆಯಲ್ಲಿ ನಾನು ಅದಕ್ಕಿಂತ ಚೊಕ್ಕಟವಾಗಿ ಏನನ್ನೂ ತೆಗೆದಿರಲಿಲ್ಲ. ಅದು ಈಗ ಗೊತ್ತಾಗುತ್ತದೆ. ಅವತ್ತು ನನ್ನ ಕಣ್ಣಿಗೆ ಬಿದ್ದದ್ದು ಹಾಳಾದ ಇನ್ನೊಂದು ಪ್ಲೇಟು. ಮುಖ ಬಂದಿಲ್ಲ, ಕೆಟ್ಟುಹೋಯಿತು ಎಂದು ರಂಗಪ್ಪನಿಗೆ ಕಾಗದ ಬರೆದು ಹಾಕಿದೆ.

ಸಣ್ಣೀರಮ್ಮ ಒಂದು ತಿಂಗಳಿದ್ದು ತಿರುಮಣಿಗೆ ಹೋದಳಂತೆ. ಆ ವರ್ಷದ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ದೊಡ್ಡೀರಮ್ಮ ತೀರಿಕೊಂಡಳು. ರಂಗಪ್ಪ ಬೇರೆಯವರನ್ನು ನಂಬದೆ ತಾನೇ ಸುದ್ದಿ ಒಯ್ದ. ಅವಳು ಬಾಗಿಲಲ್ಲೇ ಅವನನ್ನು ನಿಲ್ಲಿಸಿ, ಮತ್ತೆ ಕಾಗೆ ಕೂತಿತ್ತಾ ಎಂದು ಕೇಳಿದಳಂತೆ. ಇಲ್ಲ ಚಿಕ್ಕವ್ವ ಎಂದನಂತೆ.

ಅದಾದ ಹದಿನೈದು ದಿನಕ್ಕೆ ಸಣ್ಣೀರಮ್ಮನ ಮಗ ನನ್ನ ಅಂಗಡಿಯ ಮುಂದೆ ನಿಂತಿದ್ದ. ಚಾವಡಿಗೆ ಊಟ ತಂದುಕೊಟ್ಟಿದ್ದವನು ಅವನೇ. ಅವ್ವ ಕಳಿಸಿದಾಳೆ ಎಂದ. ಇಬ್ಬರೂ ಕೂತಿದ್ದ ಫೋಟೋ ಬೇಕಂತೆ. ಮುಖ ಕೆಟ್ಟಿದೆಯಲ್ಲಪ್ಪ ಎಂದೆ. "ಗೊತ್ತು ಸ್ವಾಮಿ. ಮುಖ ಬರದಿದ್ರೆ ಬುಡು, ನಾವಿಬ್ರೂ ಒಟ್ಟಿಗೆ ಕುಂತಿದ್ದು ಬಂದೈತಲ್ಲ, ಅಷ್ಟು ಸಾಕು ಅಂತಾವ್ಳೆ."

ಕೆಟ್ಟ ಪ್ಲೇಟುಗಳನ್ನು ನಾವು ಬಿಸಾಡುತ್ತಿರಲಿಲ್ಲ. ಮೇಲಿನ ಪದರವನ್ನು ತೊಳೆದು ತೆಗೆದರೆ ಒಳ್ಳೆಯ ಗಾಜು ಸಿಗುತ್ತದೆ, ಬೇರೆ ಫೋಟೋಗಳಿಗೆ ಕಟ್ಟು ಹಾಕಲು ಆಗುತ್ತದೆ. ಆ ಬೇಸಿಗೆಯ ಕೊನೆಗೆ ಅಮಲ್ದಾರರೊಬ್ಬರಿಗೆ ವರ್ಗವಾಗಿತ್ತು. ಅವರ ಫೋಟೋಕ್ಕೆ ಕಟ್ಟು ಹಾಕಿಸಿ ಬೀಳ್ಕೊಡುಗೆಯಲ್ಲಿ ಕೊಟ್ಟಿದ್ದರು. ಅದರ ಗಾಜು ಈ ಅಕ್ಕತಂಗಿಯರ ಪ್ಲೇಟಿನದೇ. ಅವರ ಸಾಮಾನಿನ ಜೊತೆ ಅದು ಯಾವ ಊರಿಗೆ ಹೋಯಿತೋ. ತಿರುಮಣಿಯಿಂದ ಅಷ್ಟು ದೂರ ಬಂದವನಿಗೆ ಇದನ್ನು ಹೇಳುವ ಧೈರ್ಯ ನನಗಿರಲಿಲ್ಲ. ಕೈ ಜಾರಿ ಒಡೆದುಹೋಯಿತು ಎಂದೆ. ಅವನು ಸರಿ ಸ್ವಾಮಿ ಎಂದು ಹೋದ. ಆ ಗಾಜನ್ನು ನಾನೇ ತೊಳೆದಿದ್ದೆ. ಸೋಡಾ ಹಾಕಿದ ಬಿಸಿನೀರಿನಲ್ಲಿ, ಸಿಟ್ಟಿನಲ್ಲಿ, ಒಂದು ಬೆರಳೂ ಉಳಿಯದ ಹಾಗೆ ತಿಕ್ಕಿ ತೊಳೆದಿದ್ದೆ.